ಎಥಿಲೀನ್ ಕಂಡಿತೇ?

ಲೋಹದ ಜಿಡ್ಡು ತೆಗೆಯಲು ಕಾರ್ಖಾನೆಗಳೂ ವಾಯುನೆಲೆಗಳೂ ದಶಕಗಳ ಕಾಲ ಬಳಸಿದ ಟ್ರೈಕ್ಲೋರೋಎಥಿಲೀನ್ (ಟಿಸಿಇ) ನೀರಿಗಿಂತ ಭಾರ. ನೆಲಕ್ಕೆ ಚೆಲ್ಲಿದ್ದು ಅಂತರ್ಜಲದ ಆಳಕ್ಕೆ ಇಳಿದು ಕೂರುತ್ತದೆ, ಅಲ್ಲಿಂದ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಕರಗಿ ಬಾವಿಗಳಿಗೆ ಬರುತ್ತದೆ. ನೀರನ್ನು ಪಂಪಿನಿಂದ ಎತ್ತಿ ಶುದ್ಧಮಾಡುವ ಹಳೆಯ ಕ್ರಮಕ್ಕೆ ಕೊನೆಯೆಂಬುದೇ ಇಲ್ಲ. ಈ ಕೆಲಸವನ್ನು ನೆಲದೊಳಗೇ ಬ್ಯಾಕ್ಟೀರಿಯಾಗಳಿಂದ ಮಾಡಿಸುವ ಪದ್ಧತಿ ಅದಕ್ಕಿಂತ ಎಷ್ಟೋ ಮೇಲು ಎಂದೇ ನನ್ನ ನಂಬಿಕೆ. ತಕರಾರಿರುವುದು ಅದರ ಗೆಲುವನ್ನು ಅಳೆಯುವ ರೀತಿಯ ಬಗ್ಗೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ವಿವರಿಸಿದ ಡಿಹ್ಯಾಲೋಕಾಕಾಯ್ಡಿಸ್ ಇಂಥ ಬ್ಯಾಕ್ಟೀರಿಯಾಗಳಲ್ಲೊಂದು, ಅಚ್ಚರಿಯ ಜೀವಿ. ನಮಗೆ ಉಸಿರಾಟಕ್ಕೆ ಆಮ್ಲಜನಕ ಹೇಗೋ ಅದಕ್ಕೆ ಕ್ಲೋರಿನ್ ಹೊತ್ತ ದ್ರಾವಕ ಹಾಗೆ. ಒಂದೊಂದೇ ಕ್ಲೋರಿನ್ ಕಿತ್ತು ಆ ಜಾಗದಲ್ಲಿ ಹೈಡ್ರೋಜನ್ ಕೂರಿಸುತ್ತ ಹೋಗುತ್ತದೆ: ಟಿಸಿಇ ಮೊದಲು ಡೈಕ್ಲೋರೋಎಥಿಲೀನ್, ಬಳಿಕ ವಿನೈಲ್ ಕ್ಲೋರೈಡ್, ಕೊನೆಗೆ ಎಥಿಲೀನ್. ಬಾಳೆ, ಮಾವು ಮಾಗುವಾಗ ಹೊರಡುವ ಅದೇ ಅನಿಲ.

ಎಡವಟ್ಟಾಗುವುದು ನಡುದಾರಿಯಲ್ಲಿ. ಮೊದಲ ಹೆಜ್ಜೆಗಳನ್ನು ಹಲವು ಬ್ಯಾಕ್ಟೀರಿಯಾಗಳು ಇಡಬಲ್ಲವು, ಕೊನೆಯದು ಕೆಲವೇ ತಳಿಗಳಿಗೆ ಸಾಧ್ಯ. ಕಾರ್ನೆಲ್‌ನ ಆ ಮೊದಲ ತಳಿಯೂ ವಿನೈಲ್ ಕ್ಲೋರೈಡ್ ಹತ್ತಿರ ಬಂದಾಗ ನಿಧಾನವಾಗುತ್ತದೆ. ಈ ವಿನೈಲ್ ಕ್ಲೋರೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಸಾಬೀತಾಗಿದೆ. ಕುಡಿಯುವ ನೀರಿನಲ್ಲಿ ಅಮೆರಿಕ ಒಪ್ಪಿರುವ ಮಿತಿ ಲೀಟರಿಗೆ ಟಿಸಿಇ 5 ಮೈಕ್ರೋಗ್ರಾಂ, ವಿನೈಲ್ ಕ್ಲೋರೈಡ್ ಬರೀ 2. ಅಂದರೆ ಅರ್ಧಕ್ಕೆ ನಿಂತ ಶುದ್ಧೀಕರಣ ನೀರನ್ನು ಮೊದಲಿಗಿಂತ ಕೆಡಿಸಬಹುದು.

ಡೆಲವೇರ್‌ನ ಡೋವರ್ ವಾಯುನೆಲೆಯಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗವನ್ನು ನಾನು ಮೆಚ್ಚುವುದು ಇದಕ್ಕೇ. ಆಹಾರವಾಗಿ ಲ್ಯಾಕ್ಟೇಟ್ ಉಣಿಸಿದರೂ ಅಲ್ಲಿನ ಸ್ಥಳೀಯ ಬ್ಯಾಕ್ಟೀರಿಯಾಗಳು ಡೈಕ್ಲೋರೋಎಥಿಲೀನ್‌ನಲ್ಲೇ ನಿಂತುಬಿಟ್ಟವು. ಸಂಶೋಧಕರು ಅದನ್ನು ಗೆಲುವೆಂದು ಬರೆದುಕೊಳ್ಳಲಿಲ್ಲ. ಫ್ಲೋರಿಡಾದ ಪಿನೆಲಾಸ್‌ನಿಂದ ತಂದು ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ನೆಲಕ್ಕೆ ಬಿಟ್ಟು, ತಿಂಗಳುಗಟ್ಟಲೆ ಕಾದು, ಎಥಿಲೀನ್ ಬರುವುದನ್ನು ಕಂಡರು.

ಈ ಪದ್ಧತಿಗೆ ಮಿತಿಗಳೂ ಇವೆ. ಜೇಡಿಯಲ್ಲಿ, ಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ದ್ರಾವಕಕ್ಕೆ ಬ್ಯಾಕ್ಟೀರಿಯಾ ತಲುಪುವುದು ಕಷ್ಟ. ನೀರು ಹುಳಿಯಾದರೆ ಅವು ಕೆಲಸ ನಿಲ್ಲಿಸುತ್ತವೆ. ಅವುಗಳಿಗೆ ಆಹಾರವಾಗಿ ಉಣಿಸುವ ಎಣ್ಣೆ, ಕಾಕಂಬಿಗಳಿಂದ ಮೀಥೇನ್ ಹುಟ್ಟುತ್ತದೆ, ಮಣ್ಣಿನ ಕಬ್ಬಿಣ, ಆರ್ಸೆನಿಕ್ ನೀರಿಗೆ ಸೇರಬಹುದು.

ಇಷ್ಟಿದ್ದೂ ಪದ್ಧತಿ ಒಪ್ಪತಕ್ಕದ್ದೇ. ಆದರೆ ನಿಮ್ಮ ಊರಿನ ನೀರಿನ ಬಗ್ಗೆ ಯಾರಾದರೂ ‘ಟಿಸಿಇ ಇಳಿದಿದೆ’ ಎಂಬ ವರದಿ ಹಿಡಿದು ಬಂದರೆ, ವಿನೈಲ್ ಕ್ಲೋರೈಡ್ ಎಷ್ಟಿದೆ, ಎಥಿಲೀನ್ ಎಷ್ಟು ಸಿಕ್ಕಿತು ಎಂದು ಕೇಳಿ. ಆ ಎರಡು ಅಂಕಿಗಳಿಲ್ಲದ ವರದಿಗೆ ಸಹಿ ಹಾಕಬೇಡಿ.