ನಿಃಪ್ರತೀಕಾರವೆಂದು ಹೇಳುವವರಾರು?

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನೆಯ ಲಕ್ಷಣವನ್ನು ಹೇಳುವಾಗ ‘ನಿಃಪ್ರತೀಕಾರ’ವೆಂಬ ವಿಶೇಷಣವನ್ನು ಬಳಸಿದ್ದಾರೆ. ರೋಗವಾದರೆ ಅದು ಪರಿಹಾರವಿಲ್ಲದ್ದಾಗಿರಬೇಕು. ಸಲ್ಲೇಖನೆಯ ಹಿರಿಮೆಯನ್ನು ಕೊಂಡಾಡುವ ನಮ್ಮ ವ್ಯಾಖ್ಯಾನಗಳು ಈ ಕಟ್ಟಳೆಯನ್ನು ಅವಸರದಲ್ಲಿ ದಾಟಿಬಿಡುತ್ತವೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಶ್ರಾವಕರು ಕ್ಯಾನ್ಸರ್ ರೋಗಿಯನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಕರೆದೊಯ್ಯುತ್ತಾರೆ. ಒಬ್ಬ ವೈದ್ಯರು ಮೊದಲು ಶಸ್ತ್ರಚಿಕಿತ್ಸೆ ಎಂದರೆ, ಮತ್ತೊಬ್ಬರು ಕಿಮೊಥೆರಪಿ ಎನ್ನುತ್ತಾರೆ. ‘ವೈದ್ಯರಿಗೇ ತಿಳಿಯದು, ಎಲ್ಲವೂ ಕರ್ಮಾಧೀನ’ ಎಂದು ಹಿರಿಯರು ಕೈಚೆಲ್ಲುವುದುಂಟು. ‘ಅನೇಕಾಂತದಂತೆ ಇಬ್ಬರೂ ಸರಿ’ ಎಂಬ ಜಾಣ ಮಾತೂ ಕೇಳಿಬರುತ್ತದೆ. ಚಿಕಿತ್ಸೆ ಯಾವುದೆಂಬುದರಲ್ಲಿ ಭೇದವಿದ್ದರೂ, ಚಿಕಿತ್ಸೆಯುಂಟೆಂಬುದನ್ನು ಆ ಇಬ್ಬರೂ ಒಪ್ಪಿರುವರೆಂಬುದು ಯಾರ ಗಮನಕ್ಕೂ ಬರುವುದಿಲ್ಲ!

ಯಾವ ನಯದಿಂದ ಈ ಮಾತು ಬಂದಿತೆಂದು ಕೇಳುವವನೇ ಸ್ಯಾದ್ವಾದಿ. ಗಡ್ಡೆ ಯಾವ ಹಂತದ್ದು? ಗುಣಪಡಿಸುವ ಉದ್ದೇಶವೇ, ನೋವಿನ ಉಪಶಮನವೇ? ಮೆಣಸಿನಕಾಯಿಯ ಚೀಲವನ್ನೂ ಬಿಚ್ಚಿ ನೋಡದೆ ಕೊಳ್ಳದ ಬ್ಯಾಡಗಿಯ ವರ್ತಕರು ಇಲ್ಲಿ ಮಾತ್ರ ಸಂಕೋಚಪಡುತ್ತಾರೆ. ವರದಿಗಳೊಡನೆ ಬಯಾಪ್ಸಿಯ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಪಡೆದು, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥಲ್ಲಿ ಮರುಪರೀಕ್ಷೆ ಕೋರಬಹುದು. ಶಸ್ತ್ರ, ವಿಕಿರಣ, ಔಷಧ ವಿಭಾಗದವರು ಕೂಡಿ ವಿಚಾರಿಸಬೇಕೆಂದು ಬೇಡಬಹುದು. ಆದರೆ ಮನಸ್ಸೊಪ್ಪುವ ಉತ್ತರಕ್ಕಾಗಿ ಊರೂರು ಅಲೆದು ತಿಂಗಳುಗಳನ್ನು ಕಳೆಯುವುದು ಪ್ರಮಾದ. ಎಷ್ಟು ದಿನ ಕಾಯಬಹುದೆಂಬುದನ್ನು ಮೊದಲ ವೈದ್ಯರಲ್ಲಿಯೇ ಕೇಳಬೇಕು.

ಇನ್ನೊಂದು ಮಾತು. ವ್ರತ ರೋಗಿಯದು, ದೇಹವೂ ರೋಗಿಯದು. ಅಜ್ಜಿಗೆ ರೋಗದ ಹೆಸರನ್ನೇ ಮುಚ್ಚಿಟ್ಟು, ಮಕ್ಕಳು ‘ಇನ್ನು ಸಾಕು’ ಎಂದು ತೀರ್ಮಾನಿಸಿದರೆ ಅದನ್ನು ಸಲ್ಲೇಖನೆಯೆಂದು ಯಾವ ಗ್ರಂಥದ ಬಲದಿಂದ ಕರೆಯೋಣ? ಇಂಥ ಮನೆಯವರು ಬಸದಿಗೆ ಬಂದಾಗ, ವಿಶ್ವಸ್ತ ಮಂಡಳಿಗಳು ಶಾಂತಿವಿಧಾನದ ಚೀಟಿ ಬರೆಯುವ ಮೊದಲು ಸ್ಲೈಡುಗಳು ಎಲ್ಲಿವೆಯೆಂದು ಕೇಳಲಿ. ಬೆಂಗಳೂರಿನ ಪ್ರಯಾಣದ ವೆಚ್ಚವನ್ನೂ ಔಷಧದಾನದ ಲೆಕ್ಕಕ್ಕೆ ಬರೆದುಕೊಳ್ಳಲಿ.