ಕೆಳಗಿದ್ದವನ ಪಟ್ಟು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯಲ್ಲಿ ಕುಸ್ತಿಯ ಇಡೀ ಕಾನೂನು ಅಡಗಿದೆ. ಬಿದ್ದ ಮೇಲೆ ಮುಗಿಯಿತು, ಆಮೇಲೆ ಮೀಸೆಯ ಮಾತಿಗೆ ಬೆಲೆಯಿಲ್ಲ. ಮೈಸೂರಿನ ದಸರಾ ಕುಸ್ತಿ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಬೆನ್ನು ಮಟ್ಟಿಗೆ ತಾಗಿ ಚಿತ್ ಆದರೆ ಆ ಜೋಡಿ ಮುಗಿದ ಹಾಗೆ. ಬ್ರೆಜಿಲಿಯನ್ ಜಿಯು-ಜಿತ್ಸು ಈ ಕಾನೂನನ್ನು ಒಪ್ಪುವುದಿಲ್ಲ. ಅಲ್ಲಿ ಬೆನ್ನು ನೆಲಕ್ಕೆ ತಾಗುವುದು ಸೋಲಲ್ಲ. ಎದುರಾಳಿ ಕತ್ತು ಬಿಗಿದೋ ಕೀಲು ತಿರುವಿಯೋ ನಿಮ್ಮಿಂದ ಟ್ಯಾಪ್ ಮಾಡಿಸುವವರೆಗೆ, ಅಂದರೆ ಕೈಯಿಂದ ತಟ್ಟಿ 'ಸಾಕು' ಎನ್ನಿಸುವವರೆಗೆ, ಇಲ್ಲವೇ ಸಮಯ ಮುಗಿಯುವವರೆಗೆ, ಆಟ ನಡೆಯುತ್ತಲೇ ಇರುತ್ತದೆ. ಹಾಗಾಗಿ ಕೆಳಗೆ ಬಿದ್ದವನು ಏನು ಮಾಡುತ್ತಾನೆ ಎನ್ನುವುದೇ ಈ ವಿದ್ಯೆಯ ಜೀವಾಳ ಎಂದು ನಾನು ನಂಬಿದ್ದೇನೆ.

ಈ ನಂಬಿಕೆಗೆ ಇತಿಹಾಸದ ಬೆಂಬಲವಿದೆ. ಜಪಾನಿನ ಜೂಡೋ ಪಟು ಮಿತ್ಸುಯೊ ಮಯೇದಾ 1914ರಲ್ಲಿ ಬ್ರೆಜಿಲ್‌ಗೆ ಬಂದ. ಅವನಿಂದ ಅಲ್ಲಿನ ಗ್ರೇಸಿ ಮನೆತನಕ್ಕೆ ದಾಟಿದ ವಿದ್ಯೆ, ಸಣಕಲು ಮೈಯ ಹೆಲಿಯೊ ಗ್ರೇಸಿಯ ಕೈಯಲ್ಲಿ ಬೇರೆಯದೇ ರೂಪ ಪಡೆಯಿತು. ಎತ್ತಿ ಒಗೆಯುವ ಬಲ ಇಲ್ಲದವನು ಮೊದಲು ಕಲಿಯಬೇಕಾದದ್ದು ಒಗೆಸಿಕೊಂಡ ಮೇಲೆ ಬದುಕುವುದನ್ನು. ಹೆಲಿಯೊ ಅದನ್ನೇ ಕಲಿತ, ಅದನ್ನೇ ಕಲಿಸಿದ. 1951ರ ಅಕ್ಟೋಬರ್‌ನಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ, ತನಗಿಂತ ಬಹಳ ಭಾರದ ಜಪಾನಿ ಚಾಂಪಿಯನ್ ಮಸಾಹಿಕೊ ಕಿಮುರಾನ ಎದುರು ಅವನು ನಿಂತ. ಕಿಮುರಾ ಅವನನ್ನು ಮತ್ತೆ ಮತ್ತೆ ಎತ್ತಿ ನೆಲಕ್ಕೆ ಹಾಕಿದ, ಮೇಲೆ ಬಿದ್ದು ಒತ್ತಿದ. ಹತ್ತು ನಿಮಿಷದ ಮೊದಲ ಸುತ್ತು ಹಾಗೇ ಕಳೆಯಿತು. ಎರಡನೆಯ ಸುತ್ತಿನಲ್ಲಿ ಭುಜ ತಿರುಚುವ ಪಟ್ಟಿಗೆ ತೋಳು ಮುರಿದರೂ ಹೆಲಿಯೊ ತಟ್ಟಲಿಲ್ಲ. ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟನ್ನು ಇವತ್ತಿಗೂ ಜಗತ್ತೆಲ್ಲ ಕಿಮುರಾ ಎಂದೇ ಕರೆಯುತ್ತದೆ. ಗೆದ್ದವನ ಹೆಸರು ಪಟ್ಟಿಗೆ ಉಳಿಯಿತು, ಆದರೆ ಸೋತವನ ವಿದ್ಯೆಯೇ ಊರೂರಿಗೆ ಹಬ್ಬಿತು.

ಆ ವಿದ್ಯೆಯ ಪೂರ್ಣ ಫಲ ಕಂಡದ್ದು 1994ರ ಡಿಸೆಂಬರ್‌ನಲ್ಲಿ, ಅಮೆರಿಕದ ಟಲ್ಸಾದಲ್ಲಿ. ಬೇರೆ ಬೇರೆ ಶೈಲಿಯವರು ಸೆಣಸುತ್ತಿದ್ದ ಯುಎಫ್‌ಸಿ 4 ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಹೆಲಿಯೊನ ಮಗ ರಾಯ್ಸ್ ಗ್ರೇಸಿಯ ಮೇಲೆ ಕುಸ್ತಿ ಚಾಂಪಿಯನ್ ಡ್ಯಾನ್ ಸೆವರ್ನ್ ಕೂತಿದ್ದ. ರಾಯ್ಸ್ ಸುಮಾರು 80 ಕಿಲೊ, ಸೆವರ್ನ್ ಸುಮಾರು 118. ಕಾಲಮಿತಿ ಇರಲಿಲ್ಲ. ಹದಿನೈದು ನಿಮಿಷ ಆ ಭಾರದ ಅಡಿಯಲ್ಲಿ ರಾಯ್ಸ್ ಮಲಗಿದ್ದ. ಪಂದ್ಯ ಎಷ್ಟು ಎಳೆಯಿತೆಂದರೆ, ದುಡ್ಡು ಕೊಟ್ಟು ಟಿವಿಯಲ್ಲಿ ನೋಡುತ್ತಿದ್ದ ಅನೇಕರಿಗೆ ಪ್ರಸಾರದ ಅವಧಿ ಮುಗಿದು ಕೊನೆಯೇ ಕಾಣಲಿಲ್ಲ. ಕೊನೆಯಲ್ಲಿ ಆದದ್ದು ಇಷ್ಟು: ರಾಯ್ಸ್‌ನ ಎರಡೂ ಕಾಲು ಮೇಲೆದ್ದು ಸೆವರ್ನ್‌ನ ಕತ್ತು ಮತ್ತು ಒಂದು ತೋಳನ್ನು ತ್ರಿಕೋನದಂತೆ ಬಿಗಿದವು, ಸೆವರ್ನ್ ತಟ್ಟಿದ. ಆ ಪಂದ್ಯದ ಬಗ್ಗೆ ಮಾತಾಡುವವರು ಕೊನೆಯ ಆ ಬಿಗಿತವನ್ನೇ ನೆನೆಯುತ್ತಾರೆ. ನಾನು ಅದನ್ನು ಮತ್ತೆ ನೋಡುವುದು ಅದಕ್ಕೂ ಮುಂಚಿನ ಹದಿನೈದು ನಿಮಿಷಗಳಿಗಾಗಿ. ರಾಯ್ಸ್ ಅಲ್ಲಿ ಗಡಿಬಿಡಿ ಮಾಡುವುದಿಲ್ಲ, ಕೈ ಚಾಚುವುದಿಲ್ಲ, ಸುಮ್ಮನೆ ಶಕ್ತಿ ಸುರಿಯುವುದಿಲ್ಲ. ಮೇಲಿರುವವನಿಗೆ ಏನೂ ಸಿಗದ ಹಾಗೆ ನೋಡಿಕೊಳ್ಳುತ್ತಾನೆ, ಅಷ್ಟೇ.

'ಏನೂ ಸಿಗದ ಹಾಗೆ' ಎಂದರೆ ಏನೆಂದು ಹತ್ತಿರದಿಂದ ನೋಡೋಣ. ಎದುರಾಳಿ ನಿಮ್ಮ ಕಾಲುಗಳನ್ನು ದಾಟಿ ಬಂದು ಎದೆಗೆ ಎದೆ ಅಡ್ಡಲಾಗಿ ಒತ್ತಿದ್ದಾನೆ. ಇದು ಸೈಡ್ ಕಂಟ್ರೋಲ್. ಹೊಸಬರು ಈಗ ಮಾಡುವುದು ಒಂದೇ ಕೆಲಸ: ಎರಡೂ ಕೈ ನೀಳವಾಗಿ ಚಾಚಿ ಅವನನ್ನು ಮೇಲಕ್ಕೆ ತಳ್ಳುತ್ತಾರೆ. ಚಾಚಿದ ಕೈ ಎಂದರೆ ಕರೆದು ಕೊಟ್ಟ ತೋಳು, ಮುಂದಿನ ಕ್ಷಣ ಮೊಣಕೈ ಅವನ ಪಾಲಾಗುತ್ತದೆ. ಬಲ್ಲವರ ಮೊಣಕೈ ಪಕ್ಕೆಲುಬನ್ನು ಬಿಟ್ಟು ಹೋಗುವುದಿಲ್ಲ. ಒಂದು ಮುಂಗೈ ಅವನ ಕತ್ತಿನ ಬುಡಕ್ಕೆ, ಇನ್ನೊಂದು ಅವನ ಸೊಂಟದ ಎಲುಬಿಗೆ. ಇದನ್ನೇ ಮ್ಯಾಟ್ ಮೇಲೆ ಫ್ರೇಮ್ ಎನ್ನುತ್ತೇವೆ. ತಳ್ಳುವುದು ಸ್ನಾಯುವಿನ ಕೆಲಸ, ಫ್ರೇಮ್ ಎಲುಬಿನ ಕೆಲಸ. ಸ್ನಾಯು ಒಂದೆರಡು ನಿಮಿಷದಲ್ಲಿ ಸೋಲುತ್ತದೆ, ಎಲುಬು ಸೋಲುವುದಿಲ್ಲ. ಆಮೇಲೆ ಬೆನ್ನ ಮೇಲೆ ಚಪ್ಪಟೆ ಮಲಗದೆ ಅವನ ಕಡೆಗೆ ತುಸು ಮಗ್ಗುಲಾಗಬೇಕು. ಅವನ ಭಾರ ಎದೆಯಿಂದ ಜಾರಿ ಉಸಿರಾಡಲು ಜಾಗ ಸಿಗುತ್ತದೆ. ಅವನು ಏನಾದರೂ ಹಿಡಿಯಲು ಹೋದಾಗ ಅವನ ಭಾರ ಒಂದು ಚೂರು ಸರಿಯಲೇಬೇಕು. ಆ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಜಾರಿಸಿ ಮಂಡಿಯನ್ನು ನಡುವೆ ತೂರಿಸಿದರೆ ಗಾರ್ಡ್, ಅಂದರೆ ಎದುರಾಳಿಯನ್ನು ನಿಮ್ಮ ಕಾಲುಗಳಿಂದ ತಡೆದಿಡುವ ಸ್ಥಿತಿ, ಮತ್ತೆ ನಿಮ್ಮದು. ಅಲ್ಲಿಯವರೆಗೆ ಕಾಯುವುದೂ ಕೆಲಸವೇ.

ಈ ಕಾಯುವಿಕೆಯ ತಳದಲ್ಲಿ ಇರುವುದು ಉಸಿರು. ಹೆಲಿಯೊನ ಇನ್ನೊಬ್ಬ ಮಗ ರಿಕ್ಸನ್ ತನ್ನ ಎಳೆಯ ವಯಸ್ಸಿನ ಒಂದು ಸಂಗತಿ ಹೇಳಿಕೊಂಡಿದ್ದಾನೆ. ಬಲವಾದವನೊಬ್ಬನ ಅಡಿ ಸಿಕ್ಕಿ ಉಸಿರು ಕಟ್ಟಿದಂತಾಗಿ, ಯಾವ ಪಟ್ಟೂ ಬೀಳದಿದ್ದರೂ ಬರೀ ಗಾಬರಿಗೆ ತಟ್ಟಿಬಿಟ್ಟನಂತೆ. ಆಮೇಲೆ ತನ್ನನ್ನು ಜಮಖಾನೆಯಲ್ಲಿ ಸುತ್ತಿಸಿಕೊಂಡು, ಆ ಇಕ್ಕಟ್ಟಿನಲ್ಲಿ ಸಮಾಧಾನವಾಗಿ ಉಸಿರಾಡುವುದನ್ನು ಅಭ್ಯಾಸ ಮಾಡಿದನಂತೆ. ಮ್ಯಾಟ್ ಮೇಲೆ ನಾನು ಕಂಡ ಟ್ಯಾಪ್‌ಗಳಲ್ಲಿ ಎಷ್ಟೋ ಈ ಜಾತಿಯವು. ಸೋಲಿಸಿದ್ದು ಪಟ್ಟಲ್ಲ, ಗಾಬರಿ.

ರಕ್ಷಣೆ ಎಂದ ಕೂಡಲೇ ಕೆಲವರಿಗೆ ಹಟ ನೆನಪಾಗುತ್ತದೆ. ಇವೆರಡನ್ನೂ ಬೆರೆಸಬಾರದು. 2004ರ ವಿಶ್ವ ಚಾಂಪಿಯನ್‌ಷಿಪ್‌ನ ಮುಕ್ತ ತೂಕದ ಫೈನಲ್‌ನಲ್ಲಿ ಜಕರೆ ಸೋಜಾನ ತೋಳನ್ನು ರೋಜರ್ ಗ್ರೇಸಿ ಮುರಿದರೂ ಜಕರೆ ತಟ್ಟಲಿಲ್ಲ. ಮುರಿದ ಕೈಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು, ಪಾಯಿಂಟ್‌ಗಳ ಮೇಲೆ ಗೆದ್ದ. ಅದು ಛಲ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಅದು ರಕ್ಷಣೆಯಲ್ಲ. ತೋಳು ನೀಳವಾಗುವ ಮುಂಚೆ, ಪಟ್ಟು ಇನ್ನೂ ಎದುರಾಳಿಯ ತಲೆಯಲ್ಲಿ ಹುಟ್ಟುತ್ತಿರುವಾಗಲೇ ಮೊಣಕೈ ಒಳಗೆಳೆದುಕೊಳ್ಳುವುದು ರಕ್ಷಣೆ. ತಡವಾಯಿತು ಅನ್ನಿಸಿದರೆ ತಟ್ಟುವುದೇ ಸರಿ. ಅದರಲ್ಲೂ ಹಿಮ್ಮಡಿ ತಿರುಚುವ ಹೀಲ್ ಹುಕ್‌ನಲ್ಲಿ ನೋವು ತಿಳಿಯುವ ಹೊತ್ತಿಗೆ ಮಂಡಿ ಕೆಟ್ಟಿರುತ್ತದೆ.

ಬೋಧನೆಯಲ್ಲಿ ರಕ್ಷಣೆಯ ಈ ಶಿಸ್ತಿಗೆ ಸಿಗಬೇಕಾದ ಜಾಗವನ್ನು ಸ್ಪಷ್ಟವಾಗಿ ಕೊಟ್ಟವರು ಸೌಲೊ ರಿಬೇರೊ. 2008ರಲ್ಲಿ ಬಂದ 'ಜಿಯು-ಜಿತ್ಸು ಯೂನಿವರ್ಸಿಟಿ' ಪುಸ್ತಕದಲ್ಲಿ ಬಿಳಿ ಬೆಲ್ಟಿಗೆ ಅವರು ಇಟ್ಟ ಪಾಠ ಉಳಿಯುವುದು, ನೀಲಿಗೆ ತಪ್ಪಿಸಿಕೊಳ್ಳುವುದು. ಎದುರಾಳಿಯನ್ನು ಟ್ಯಾಪ್ ಮಾಡಿಸುವ ಪಾಠ ಬರುವುದು ಕೊನೆಗೆ, ಕಪ್ಪು ಬೆಲ್ಟಿನ ಅಧ್ಯಾಯದಲ್ಲಿ. ಎಸ್ಟೋನಿಯಾದ ಕೋಚ್ ಪ್ರೀಟ್ ಮಿಹ್ಕೆಲ್ಸನ್ ಇನ್ನೂ ಮುಂದೆ ಹೋಗಿದ್ದಾರೆ. ಆಮೆಯಂತೆ ಮೈ ಮುದುಡಿ ಕೂರುವ ಟರ್ಟಲ್, ಮಗ್ಗುಲಾಗಿ ಓಡುವವನಂತೆ ಮಲಗುವ ರನ್ನಿಂಗ್ ಮ್ಯಾನ್ ಮುಂತಾದ ಭಂಗಿಗಳನ್ನು ಅವರು ಎಷ್ಟು ತಿದ್ದಿದ್ದಾರೆಂದರೆ, ಬೇರೆಯವರು ಅಪಾಯ ಎಂದು ಕಾಣುವ ಜಾಗದಲ್ಲಿ ಅವರ ಶಿಷ್ಯರು ವಿಶ್ರಾಂತಿ ಪಡೆಯುತ್ತಾರೆ. ಈ ಟರ್ಟಲ್ ನಮ್ಮ ಕುಸ್ತಿಯವರಿಗೆ ಒಂದು ಎಚ್ಚರಿಕೆಯೂ ಹೌದು. ಗರಡಿಯಲ್ಲಿ ಪಳಗಿದವನು ಚಿತ್ ತಪ್ಪಿಸಲು ತಾನಾಗಿ ಹೊಟ್ಟೆಯ ಮೇಲೆ ತಿರುಗುತ್ತಾನೆ. ಅಲ್ಲಿ ಅದು ಕ್ಷೇಮ. ಇಲ್ಲಿ ಹಾಗೆ ಬೆನ್ನು ತೋರಿಸಿದರೆ ಎದುರಾಳಿ ಕಾಲು ಸಿಕ್ಕಿಸಿ ಹಿಂದಿನಿಂದ ಕತ್ತಿಗೆ ಕೈ ಹಾಕುತ್ತಾನೆ. ಮೊಣಕೈ ಮಂಡಿಗೆ ಅಂಟಿ, ಕೈಗಳು ಕತ್ತನ್ನು ಕಾಯುತ್ತಿದ್ದರೆ ಮಾತ್ರ ಆ ಭಂಗಿ ಉಳಿಸುತ್ತದೆ.

ಹಾಗಿದ್ದರೆ ರಕ್ಷಣೆಗೆ ಒತ್ತು ಕೊಡುವ ಈ ಶೈಲಿ ಇಷ್ಟು ಅಪರೂಪ ಯಾಕೆ? ಪಾಯಿಂಟ್ ಪದ್ಧತಿಯೇ ಕಾರಣ ಎನ್ನುವುದು ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟದ (ಐಬಿಜೆಜೆಎಫ್) ನಿಯಮದಲ್ಲಿ ಗಾರ್ಡ್ ದಾಟಿದರೆ 3, ಮೈಮೇಲೆ ಕಾಲು ಹರವಿ ಕೂತು ಮೌಂಟ್ ಹಿಡಿದರೆ 4, ಬೆನ್ನು ಹತ್ತಿದರೆ 4. ಮೌಂಟ್‌ನ ಅಡಿಯಿಂದ ಬೆವರು ಸುರಿಸಿ ಹೊರಬಂದವನಿಗೆ ಸೊನ್ನೆ. ಉರುಳಿಸಿ ಮೇಲೆ ಬಂದರೂ, ಅದು ಗಾರ್ಡ್‌ನಿಂದ ಶುರುವಾಗದಿದ್ದರೆ ಸ್ವೀಪ್ ಎಂದು ಲೆಕ್ಕಕ್ಕೆ ಬರುವುದಿಲ್ಲ. ಒಂದು ನ್ಯಾಯ ಮಾತ್ರ ಅಲ್ಲಿದೆ: ಮೌಂಟ್, ಸೈಡ್ ಕಂಟ್ರೋಲ್ ಅಥವಾ ಬೆನ್ನ ಮೇಲಿನ ದಾಳಿಯನ್ನು ತಡೆಯುತ್ತಿರುವವನನ್ನು ಕಾಲಹರಣ ಮಾಡುತ್ತಿದ್ದಾನೆಂದು ದಂಡಿಸುವಂತಿಲ್ಲ. ತಪ್ಪಿಸಿಕೊಳ್ಳುವ ಕಲೆಗೆ ನೇರವಾಗಿ ಬೆಲೆ ಕಟ್ಟಿದ್ದು ಎಡ್ಡಿ ಬ್ರಾವೊ ಶುರು ಮಾಡಿದ ಇಬಿಐ ಪಂದ್ಯಾವಳಿ. ಅಲ್ಲಿ ಹೆಚ್ಚುವರಿ ಅವಧಿಯಲ್ಲಿ ಇಬ್ಬರೂ ಸರದಿಯಂತೆ ಕೆಟ್ಟ ಸ್ಥಿತಿಯಲ್ಲೇ ಶುರು ಮಾಡುತ್ತಾರೆ. ಯಾರೂ ತಟ್ಟದಿದ್ದರೆ ಬೇಗ ಬಿಡಿಸಿಕೊಂಡವನು ಗೆದ್ದ. ಪಂದ್ಯಗಳಲ್ಲಿ ನನಗೆ ಅತ್ಯಂತ ಇಷ್ಟವಾದ ನಿಯಮ ಇದೇ.

ರಕ್ಷಣೆ ಗಟ್ಟಿಯಾದವನು ದಾಳಿ ಮರೆಯುತ್ತಾನೆ ಎಂಬ ದೂರು ಇದೆ. ನಾನು ಕಂಡಿರುವುದು ಇದಕ್ಕೆ ತದ್ವಿರುದ್ಧ. ಗಾರ್ಡನ್ ರಯಾನ್‌ನಂಥವರನ್ನು ಬೆಳೆಸಿದ ಕೋಚ್ ಜಾನ್ ಡ್ಯಾನಹರ್ ಶಿಷ್ಯರಿಗೆ ಮೊದಲು ಕಲಿಸಬೇಕಾದದ್ದು ಬಿಡಿಸಿಕೊಳ್ಳುವುದನ್ನು ಎಂದು ವಾದಿಸುತ್ತಾ ಬಂದಿದ್ದಾರೆ. ವಾದ ಸರಳ: ಪಟ್ಟು ತಪ್ಪಿದರೆ ಕೆಳಗೆ ಸಿಕ್ಕಿಬೀಳುತ್ತೇನೆಂಬ ಭಯ ಇದ್ದವನು ಅರ್ಧ ಮನಸ್ಸಿನಿಂದ ಪಟ್ಟು ಹಾಕುತ್ತಾನೆ. ಆ ಭಯ ಇಲ್ಲದವನು ಪೂರ್ತಿ ಮನಸ್ಸಿನಿಂದ ಹಾಕುತ್ತಾನೆ.

ನಾನು ಅಭ್ಯಾಸ ಮಾಡುವ ಬೆಂಗಳೂರಿನ ಕೇಂದ್ರದಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ರೋಲಿಂಗ್, ಅಂದರೆ ಅಭ್ಯಾಸದ ಸೆಣಸಾಟ, ಮುಗಿದ ಮೇಲೆ, "ಸಾರ್, ನೀವ್ಯಾಕೆ ಮೊದಲು ಅಟ್ಯಾಕ್ ಮಾಡೋದೇ ಇಲ್ಲ?" ಎಂದು ಕೇಳಿದ. "ನೀನು ಬರೋದನ್ನ ನೋಡ್ತಾ ಇರ್ತೀನಪ್ಪ. ನೀನು ಎಲ್ಲಿ ಕೈ ಹಾಕ್ತೀಯೋ ಅಲ್ಲೇ ನಿನ್ನ ಭಾರ ಹೋಗುತ್ತೆ" ಎಂದೆ. ಮುಂದಿನ ರೌಂಡಿನಲ್ಲಿ ಅವನು ಕೈ ಹಾಕುವ ಮುಂಚೆ ಯೋಚಿಸತೊಡಗಿದ. ಅವನ ವಯಸ್ಸಿಗೆ, ಅವನ ವೇಗಕ್ಕೆ ನಾನು ವೇಗದಿಂದ ಉತ್ತರ ಕೊಡಲಾರೆ, ಕೊಡಬೇಕಾಗಿಯೂ ಇಲ್ಲ. ನನಗಿಂತ ಭಾರದವರೊಡನೆ, ಬಲಿಷ್ಠರೊಡನೆ ವಾರವೆಲ್ಲ ರೋಲ್ ಮಾಡಿ ಮರುದಿನ ಎದ್ದು ಕೆಲಸಕ್ಕೆ ಹೋಗಲು ಸಾಧ್ಯವಾಗಿರುವುದು ಈ ಶೈಲಿಯಿಂದಲೇ. ತೊಂಬತ್ತು ದಾಟಿದ ಹೆಲಿಯೊ ಗೀ ಎಂಬ ಅಭ್ಯಾಸದ ಉಡುಪು ತೊಟ್ಟು ಮ್ಯಾಟ್ ಮೇಲೆ ಇಳಿಯುತ್ತಿದ್ದ ಚಿತ್ರಗಳನ್ನು ನೋಡಿದಾಗ, ಇದು ಮುಪ್ಪಿನವರೆಗೂ ಕೈಬಿಡದ ವಿದ್ಯೆ ಎಂಬ ಧೈರ್ಯ ಬರುತ್ತದೆ.

ಮಹಿಳೆಯರಿಗೆ, ಹಗುರ ಮೈಯವರಿಗೆ, ನಲವತ್ತು ದಾಟಿ ಕಲಿಯಲು ಬಂದವರಿಗೆ ಮೊದಲ ದಿನದಿಂದಲೇ ಇದನ್ನು ಕಲಿಸಬೇಕು. ಹಲವು ತರಗತಿಗಳಲ್ಲಿ ಮೊದಲ ತಿಂಗಳೇ ಹತ್ತಾರು ಸಬ್ಮಿಷನ್‌ಗಳನ್ನು ತೋರಿಸುತ್ತಾರೆ, ಸೈಡ್ ಕಂಟ್ರೋಲ್‌ನಿಂದ ಹೊರಬರುವ ದಾರಿಯನ್ನು ಒಂದು ಸಂಜೆಯಲ್ಲಿ ಮುಗಿಸುತ್ತಾರೆ. ಹೊಸಬರು ಪಕ್ಕೆ ನೋಯಿಸಿಕೊಂಡು ಆರು ತಿಂಗಳೊಳಗೆ ಬಿಟ್ಟುಹೋಗುವುದಕ್ಕೆ ಇದೂ ಒಂದು ಕಾರಣ ಎಂದು ಕೋಚ್‌ಗಳಿಗೆ ಹೇಳಬಯಸುತ್ತೇನೆ.

ಅಭ್ಯಾಸ ಮಾಡುವವರಲ್ಲಿ ನನ್ನದೊಂದು ವಿನಂತಿ. ಈ ವಾರ ನಿಮ್ಮ ಮೊದಲ ರೌಂಡನ್ನು ನಿಂತು ಶುರು ಮಾಡಬೇಡಿ. ಜೊತೆಗಾರನಿಗೆ ಹೇಳಿ, ಅವನು ಮೌಂಟ್ ಹಿಡಿದು ಕೂತ ಮೇಲೆ ಗಡಿಯಾರ ಓಡಿಸಿ. ಐದು ನಿಮಿಷ ಅವನಿಗೆ ತೋಳು ಕೊಡದೆ, ಕತ್ತು ಕೊಡದೆ, ಮೂಗಿನಿಂದ ಉಸಿರಾಡುತ್ತಾ ಇರಿ. ಬಿಡಿಸಿಕೊಳ್ಳಲಾಗದಿದ್ದರೂ ಪರವಾಗಿಲ್ಲ. ಪಟ್ಟು ಬಿತ್ತು ಅನ್ನಿಸಿದ ಕೂಡಲೇ ತಟ್ಟಿ, ಮತ್ತೆ ಅಲ್ಲಿಂದಲೇ ಶುರು ಮಾಡಿ.