ಕೆಟ್ಟ ಕೌದಿ ಉಂಟೆ?

ಕೌದಿಯನ್ನು ಹೊಗಳದ ಲೇಖಕ ನಮ್ಮಲ್ಲಿ ಅಪರೂಪ. ಅಜ್ಜಿಯ ಪ್ರೀತಿ, ಅಮ್ಮನ ಹಳೆಯ ಸೀರೆ, ಬಡತನದ ಬೆಚ್ಚನೆ ಎಲ್ಲವೂ ಅದರ ನೆಪದಲ್ಲಿ ಬಂದುಹೋಗುತ್ತವೆ. ಭಾಷಣಕಾರನಿಗಂತೂ ನಮ್ಮ ಸಂಸ್ಕೃತಿಯೇ ಒಂದು ಕೌದಿ. ಇಷ್ಟೆಲ್ಲ ಹೇಳಿದವರಲ್ಲಿ ಕೌದಿಯೊಂದನ್ನು ಬಿಡಿಸಿ ಹಾಸಿ, ಈ ಕೆಂಪಿನ ಪಕ್ಕದಲ್ಲಿ ಆ ಹಸುರು ಏಕೆ ಬಂದಿತು, ಬಂದದ್ದು ಸರಿಯೇ ಎಂದು ಕೇಳಿದವರು ಎಷ್ಟು ಮಂದಿ? ಕೆಟ್ಟ ಕವಿತೆಯುಂಟು, ಕೆಟ್ಟ ಚಿತ್ರವುಂಟು. ಕೆಟ್ಟ ಕೌದಿಯೂ ಉಂಟು. ಹಾಗೆ ಹೇಳಲು ನಾವು ಹಿಂಜರಿಯುವ ತನಕ ನಮ್ಮ ಮೆಚ್ಚುಗೆಗೂ ಬೆಲೆಯಿಲ್ಲ.

ಈ ಮಾತು ಹೊಳೆದದ್ದು ಕಿರಂಗೂರಿನಲ್ಲಿ. ಶ್ರೀರಂಗಪಟ್ಟಣದ ದಸರೆಯ ಮೆರವಣಿಗೆ ಹೊರಡುವ ಬನ್ನಿಮಂಟಪ ಇರುವ ಊರು ಅದು. ಅಲ್ಲಿಯ ಮನೆಯೊಂದರ ಮುಂದೆ, ಗಿಡ್ಡ ಗೋಡೆಯ ಮೇಲೆ ಬಿಸಿಲಿಗೆ ಹರವಿದ್ದ ಕೌದಿಯೊಂದು ನನ್ನನ್ನು ತಡೆದು ನಿಲ್ಲಿಸಿತು. ಹೊಲಿದ ಅಜ್ಜಿ ಅದನ್ನು ಕೌದಿಯೆಂದು ಕೂಡ ಕರೆಯಲಿಲ್ಲ. 'ಹೊದಿಯೋದು' ಎಂದರು, ಅಷ್ಟೆ. ಮೊದಲ ನೋಟಕ್ಕೆ ಬರಿಯ ಸಂತೆ. ಐದು ನಿಮಿಷ ನಿಂತರೆ ಸಂತೆಯಲ್ಲಿಯೂ ಬೀದಿಗಳುಂಟೆಂದು ತಿಳಿಯುತ್ತದೆ. ಹೊರಸುತ್ತಿನಲ್ಲಿ ಗಾಢವಾದ ತುಂಡುಗಳು, ಮಾಸಿದ ಕಪ್ಪು, ಕಾಫಿ ಬಣ್ಣ. ಒಳಗೆ ಹೋದಂತೆ ತಿಳಿ. ಒಂದೇ ಸೀರೆಯ ಕುಂಕುಮಗೆಂಪು ಮಾತ್ರ ಏಳೆಂಟು ಕಡೆ, ಎಲ್ಲಿಯೂ ಅಕ್ಕಪಕ್ಕದಲ್ಲಿ ಕೂಡದೆ, ಹಾಡಿನ ಪಲ್ಲವಿಯಂತೆ ಮರಳಿ ಮರಳಿ ಬರುತ್ತಿತ್ತು. ನಡುವೆ, ಬಣ್ಣಗೆಟ್ಟ ನೀಲಿಗಳ ಗುಂಪಿನಲ್ಲಿ, ಅಂಗೈಯಗಲದ ಒಂದು ಹಳದಿ. ಅದೇಕೆ ಅಲ್ಲಿ ಎಂದು ಕೇಳಿದೆ. "ಅಲ್ಲಿ ಮಂಕಾಗಿತ್ತು ಕಣಪ್ಪ, ಅದ್ಕೇ ಒಂದ್ ಚೂರು ಹಳ್ದಿ ಮಡುಗ್ದೆ" ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯ ವಾಕ್ಯವನ್ನು ನಾನು ಇತ್ತೀಚೆಗೆ ಓದಿಲ್ಲ.

ಪೇಟೆಯವರಾದ ನಮಗೆ ಬಣ್ಣದ ಹೊಂದಿಕೆಯೆಂದರೆ 'ಮ್ಯಾಚಿಂಗ್': ಸೀರೆಗೆ ತಕ್ಕ ರವಿಕೆ. ಕೌದಿಯ ಹೊಂದಿಕೆ ಬೇರೆ ಬಗೆಯದು. ಅಲ್ಲಿ ಕೆಂಪು, ಹಸುರು ಎಂಬ ಹೆಸರಿಗಿಂತ ತಿಳಿ, ಗಾಢ ಎಂಬ ತೂಕ ಮುಖ್ಯ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಬಣ್ಣಗಳ ಹೆಸರು ಅಳಿಸಿಹೋಗಿ ಬೆಳಕು ನೆರಳುಗಳಷ್ಟೇ ಉಳಿಯುತ್ತವೆ. ಒಳ್ಳೆಯ ಕೌದಿ ಆಗಲೂ ನಿಲ್ಲುತ್ತದೆ, ಕೆಟ್ಟದ್ದು ಬೂದಿಯ ಮುದ್ದೆಯಾಗುತ್ತದೆ. ಇನ್ನೊಂದು, ಯಾವ ಬಣ್ಣವೂ ಒಂಟಿಯಲ್ಲ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸದ ಮುಖ್ಯಸ್ಥನಾಗಿದ್ದ ಷೆವ್ರಲ್, ಕಪ್ಪು ನೂಲು ಮಂಕಾಗಿ ಕಾಣುತ್ತದೆಂಬ ದೂರನ್ನು ವಿಚಾರಿಸಹೋಗಿ, ದೋಷ ನೂಲಿನದಲ್ಲ, ಅದರ ಪಕ್ಕದಲ್ಲಿರುವ ನೀಲಿ ನೇರಳೆಗಳದು ಎಂದು ಕಂಡುಕೊಂಡ. 1839ರಲ್ಲಿ ಆ ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಕಿರಂಗೂರಿನ ಅಜ್ಜಿ ಗ್ರಂಥವಿಲ್ಲದೆ ಅದೇ ಜಾಡಿನಲ್ಲಿ ನಡೆದಿದ್ದರು.

ಅದೇ ಮಧ್ಯಾಹ್ನ, ಕೆಲವೇ ಮೈಲಿ ದೂರದ ದರಿಯಾ ದೌಲತ್ತಿಗೆ ಹೋದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಆನೆ, ಕುದುರೆ, ಕತ್ತಿ, ರುಂಡಗಳ ಆ ನೂಕುನುಗ್ಗಲಿನಲ್ಲಿ ಕಣ್ಣು ದಾರಿ ತಪ್ಪದಿರುವುದು, ಚೌಕ ಕಟ್ಟಿ ನಿಂತ ಕಂಪೆನಿಯ ಸೈನಿಕರ ಕೆಂಪು ಅಂಗಿಗಳಿಂದ. ಚಿತ್ರಕಾರ ಕೆಂಪನ್ನು ಒಂದೆಡೆ ಒತ್ತಿ ನಿಲ್ಲಿಸಿದ. ಅಜ್ಜಿ ಅದನ್ನು ಎಲ್ಲೆಡೆ ಹಂಚಿದರು. ಅವನಿಗೆ ಸುತ್ತುವರಿಯಲ್ಪಟ್ಟ ಸೈನ್ಯವನ್ನು ತೋರಿಸಬೇಕಾಗಿತ್ತು. ಇವರದು ಮಡಿಸಿಟ್ಟಾಗಲೂ ಚೆಂದ ಕಾಣಬೇಕಾಗಿತ್ತು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಯ ಸಿದ್ದಿ ಹೆಂಗಸರು ತಮ್ಮ ಕವಂದಿಯನ್ನು ಮೂಲೆಯಿಂದ ಹಿಡಿದು, ಅಂಚಿನಗುಂಟ ಸುತ್ತಿಕೊಂಡು ನಡುವಿಗೆ ಬರುತ್ತಾರೆ. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ; ಹಚ್ಚಿದ ತುಂಡೇ ಮುಂದಿನ ತುಂಡನ್ನು ಕೇಳುತ್ತದೆ. ಮೂಲೆಗಳಿಗೆ ಮಡಿಸಿದ ತ್ರಿಕೋನದ ಹೂ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ ಎಂದು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಬರೆದಿದ್ದಾರೆ. ಬೆತ್ತಲೆಯೆನ್ನುವುದು ತೀರ್ಪಲ್ಲವೆ? ಹೊಲಿಯುವವರಲ್ಲಿ ಸರಿ ತಪ್ಪುಗಳ ಮಾತಿದೆ, ಬರೆಯುವ ನಮ್ಮಲ್ಲಿಲ್ಲ. ಅಲಬಾಮ ರಾಜ್ಯದ ಜೀಸ್ ಬೆಂಡ್ ಎಂಬಲ್ಲಿಯ ಆಫ್ರಿಕನ್ ಮೂಲದ ಹೆಂಗಸರು ಹಳೆಯ ದುಡಿಮೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳನ್ನು 2002ರಲ್ಲಿ ಹ್ಯೂಸ್ಟನ್ನಿನ, ಬಳಿಕ ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳಲ್ಲಿ ತೂಗುಹಾಕಿದಾಗ, ಅಲ್ಲಿಯ ವಿಮರ್ಶಕರು ಅವನ್ನು ಆಧುನಿಕ ಚಿತ್ರಗಳ ಸಾಲಿನಲ್ಲಿಟ್ಟು ನೋಡಿದರು. ಗೋಡೆಗೇರಿದ ಮೇಲೆಯೇ ಕಣ್ಣು ತೆರೆಯುವುದು ನಗರವಾಸಿಗಳ ಹಳೆಯ ಕಾಯಿಲೆ. ನಾನೂ ಅದರಿಂದ ಹೊರತಲ್ಲ.

ಇನ್ನು ಬಟ್ಟೆಯ ಮಾತು. ಇಳಕಲ್ಲಿನ ದಾಳಿಂಬೆಗೆಂಪೇ ಇರಲಿ, ಹತ್ತು ವರ್ಷ ಉಟ್ಟು, ಒಗೆದು, ಬಿಸಿಲಿಗೆ ಹಾಕಿದ ಹತ್ತಿಯ ಸೀರೆ ತನ್ನ ದನಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಹಳೆಯ ಕೌದಿಗಳ ಬಣ್ಣಗಳಲ್ಲಿ ಅರ್ಧದಷ್ಟು ಶ್ರುತಿಗೂಡಿಸಿದ್ದು ಒಗೆಯುವ ಕಲ್ಲು. ಪಾಲಿಯೆಸ್ಟರಿಗೆ ಆ ವಿನಯವಿಲ್ಲ. ದರ್ಜಿಯಂಗಡಿಯ ಹೊಸ ಚಿಂದಿಗಳನ್ನು ತಂದು ಯಂತ್ರದಲ್ಲಿ ಹೊಲಿದು ಪೇಟೆಯಲ್ಲಿ ಮಾರುವ ಕೌದಿಗಳಲ್ಲಿ ಬಣ್ಣಕ್ಕೇನೂ ಕೊರತೆಯಿಲ್ಲ. ಎಲ್ಲವೂ ಏಕಕಾಲಕ್ಕೆ ಕೂಗುತ್ತವೆ. ಈ ಗದ್ದಲಕ್ಕೆ ಅಂಜಿದ ಕೆಲವರು ನೀಲಿಗೆ ನೀಲಿ, ಬಿಳಿಗೆ ಬಿಳಿ ಜೋಡಿಸುತ್ತಾರೆ. ಶಿಸ್ತು ಹೌದು, ಶಾಲೆಯ ಸಮವಸ್ತ್ರದ ಶಿಸ್ತು. ಕ್ಷೇಮೇಂದ್ರ ಕಾವ್ಯದಲ್ಲಿ ಬೇಡಿದ ಔಚಿತ್ಯ ಎರಡರಲ್ಲಿಯೂ ಕಾಣದು.

ಕಿರಂಗೂರಿನ ಆ ಕೌದಿಯೂ ನಿರ್ದೋಷವಾಗಿರಲಿಲ್ಲ. ಒಂದು ಮೂಲೆಯಲ್ಲಿ ಮಿರಮಿರನೆ ಹೊಳೆಯುವ ಗುಲಾಬಿ ಪಾಲಿಯೆಸ್ಟರಿನ ನಾಲ್ಕು ತುಂಡುಗಳು ಒತ್ತಾಗಿ ಕುಳಿತು, ಸುತ್ತಲಿನ ತಿಳಿಬಣ್ಣಗಳನ್ನೆಲ್ಲ ಕೊಳೆಯಂತೆ ಕಾಣಿಸುತ್ತಿದ್ದವು. ದಾಕ್ಷಿಣ್ಯದಿಂದ ಸುಮ್ಮನಿರಬಹುದಾಗಿತ್ತು. ಕೇಳಿಯೇಬಿಟ್ಟೆ: ಇದು ಇಲ್ಲಿ ಕೂಡಲಿಲ್ಲವಲ್ಲ, ಅಜ್ಜಿ? ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ನಂಗೊತ್ತಿಲ್ವಾ? ಸೊಸೆ ಸೀರೆ ಕಣಪ್ಪ ಅದು. ಬ್ಯಾಡ ಅನ್ನಕ್ಕಾಯ್ತದಾ? ಅದ್ಕೇ ಕಾಲ್ದೆಸೆಗೆ ಹಾಕಿವ್ನಿ" ಎಂದು, ಕೌದಿಯನ್ನು ಮಗುಚಿ ಇನ್ನೊಂದು ಮಗ್ಗುಲನ್ನು ಬಿಸಿಲಿಗೆ ಒಡ್ಡಿದರು.